ಸ್ಲಾಟ್ ಯಾರಿಗೆ ಬೇಕು ಸಾರ್?

ಕಂಪ್ಯೂಟರಿನ ಹೊಟ್ಟೆಯೊಳಗೆ ಕಾರ್ಡು ಸಿಕ್ಕಿಸುವ ಖಾಲಿ ಸ್ಲಾಟ್ ಇರಬೇಕೋ ಬೇಡವೋ ಎಂದು ಯಾರಾದರೂ ಕಾಫಿ ಹೀರುತ್ತಾ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಇಷ್ಟಕ್ಕೆಲ್ಲ ಸಿಟ್ಟೇ ಎಂದು ನೀವು ನಗಬಹುದು. ನಗಿ. ನನ್ನ ಹೆಂಡತಿಯೂ ನಗುತ್ತಾಳೆ.

ಒಪ್ಪಿಕೊಳ್ಳುತ್ತೇನೆ, ತೊಂಬತ್ತರ ದಶಕದಲ್ಲಿ ನಾನು ಕೂಗಾಡಿದ್ದು ಉಲ್ಟಾ ಕಾರಣಕ್ಕೆ. ಗುಬ್ಬಿಯ ನಮ್ಮ ಮನೆಗೆ ಬಂದ ಮೊದಲ ಪಿಸಿಯ ಮುಚ್ಚಳ ತೆಗೆದರೆ ಐದು ಸ್ಲಾಟಿನಲ್ಲಿ ಮೂರು ಖಾಲಿ! "ಏನ್ರೀ, ಅರ್ಧ ಸಾಮಾನೇ ಹಾಕಿಲ್ವಲ್ಲ?" ಎಂದು ತುಮಕೂರಿನ ಅಂಗಡಿಯವನ ಮೇಲೆ ಹಾರಾಡಿದೆ. ಅವನು ತಣ್ಣಗೆ ಒಂದು ಹಸಿರು ಕಾರ್ಡು ತಂದು ಒಂದು ಸ್ಲಾಟಿಗೆ ಒತ್ತಿ ಕೂರಿಸಿದ. ಪರದೆಯ ಮೇಲೆ ಕನ್ನಡ ಮೂಡಿತು. ಆಗೆಲ್ಲ ಹಾಗೇ, ನಮ್ಮ ಅಕ್ಷರಮಾಲೆ, ಒತ್ತು ದೀರ್ಘಗಳ ಸಮೇತ, ಅಂಗೈಯಗಲದ ಆ ಕಾರ್ಡಿನಲ್ಲೇ ಸಂಸಾರ ಹೂಡಿತ್ತು.

ಹಾಗಲವಾಡಿಯ ನನ್ನ ಸೋದರತ್ತೆ ಗೌರತ್ತೆಗೆ ರಾಗಿ ಬೀಸುವ ಪದಗಳು ರಾಶಿ ಬರುತ್ತಿದ್ದವು. ಊರಿಗೆ ಮಿಲ್ಲು ಬಂದು ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಅವು ಉಳಿದದ್ದು ಅವಳ ಬಾಯಲ್ಲಿ ಮಾತ್ರ. ಎರಡು ಬೇಸಿಗೆ ನಮ್ಮನೆಗೆ ಬಂದು ಅವಳು ಹೇಳಿದಳು, ನಾನು ಪಿಸಿಯಲ್ಲಿ ಕುಟ್ಟಿದೆ.

ಕೆಲವು ವರ್ಷಗಳಾದ ಮೇಲೆ ನನಗೆ ಹೊಸ ಪಿಸಿಯ ಚಪಲ ಹತ್ತಿತು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟೆ. ಜಾಣ ನೋಡಿ, ಪದಗಳನ್ನು ಫ್ಲಾಪಿಗಿಳಿಸಿ, ಕನ್ನಡದ ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡಿದ್ದೆ. ಹೊಸದರ ಮುಚ್ಚಳ ತೆಗೆದರೆ ಅದಕ್ಕೆ ಹೊಂದುವ ಸ್ಲಾಟೇ ಇಲ್ಲ!

"ಸ್ಲಾಟ್ ಯಾರಿಗ್ ಬೇಕು ಸಾರ್? ಈಗೆಲ್ಲಾ ಆನ್‌ಬೋರ್ಡು, ಒಳಗೇ ಕೂರ್ಸಿ ಬರ್ತದೆ," ಎಂದ ಅಂಗಡಿಯವನು.

"ಕನ್ನಡ?"

"ಫಾಂಟ್ ಹಾಕ್ಕೊಡ್ತೀನಿ ಬುಡಿ."

ಹಾಕಿಕೊಟ್ಟ. ಹೊಸದಾಗಿ ಬರೆದದ್ದೆಲ್ಲ ಚೆನ್ನಾಗಿಯೇ ಬಂತು. ಹಳೆಯ ಕಾರ್ಡಿನ ಕನ್ನಡದಲ್ಲಿದ್ದ ಅತ್ತೆಯ ಪದಗಳನ್ನು ತೆರೆದರೆ ಮಾತ್ರ ತಲೆಗೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ದಂಡು. ಹಳೆಯ ಪಿಸಿ ಅಷ್ಟರಲ್ಲಿ ಗುಜರಿ ಸೇರಿತ್ತು. ಅಂಥದ್ದೇ ಇನ್ನೊಂದಕ್ಕಾಗಿ ಕುಣಿಗಲ್‌ವರೆಗೂ ಹೋಗಿ ಬಂದೆ. ಎಲ್ಲೂ ಇಲ್ಲ.

ಯಾರಿಗೆ ಬೇಕು ಎಂದು ತೀರ್ಮಾನಿಸಲು ಇವರು ಯಾರು? ಮನೆ ಕಟ್ಟುವ ಮೇಸ್ತ್ರಿ, ನಿಮ್ಮ ಮನೆಗೆ ಇನ್ನು ನೆಂಟರು ಬರುವುದಿಲ್ಲ ಎಂದು ತಾನೇ ನಿರ್ಧರಿಸಿ ಜಗಲಿ ಕಟ್ಟದೆ ಹೋದರೆ ಸುಮ್ಮನಿರುತ್ತೀರಾ? ಹಳೆಯದನ್ನು ಕೊಡುವ ಮೊದಲು ಹೊಸದರ ಮುಚ್ಚಳ ತೆಗೆದು ನೋಡದ ನನ್ನ ದಡ್ಡತನಕ್ಕೂ ಉರಿಯುತ್ತದೆ; ಆದರೆ ಬೇರೆಯವರನ್ನು ಬೈಯುವುದು ಸಲೀಸು.

ಕೊನೆಗೆ ಒಂದು ನೋಟ್‌ಬುಕ್ ಹಿಡಿದು ಹಾಗಲವಾಡಿಗೆ ಹೋದೆ. ಗೌರತ್ತೆ ಬೇಸರಿಸದೆ ಶುರು ಮಾಡಿದಳು. ನಾಲ್ಕು ಪದ ಸರಾಗವಾಗಿ ಬಂದವು. ಐದನೆಯದರ ಮಧ್ಯೆ ನಿಂತಳು.

"ಮುಂದುಕ್ಕೆ ಬರ್ತಿಲ್ಲ ಕಣಪ್ಪ."

"ಸರಿಯಾಗಿ ನೆನಪು ಮಾಡ್ಕೊ ಅತ್ತೆ! ಅದ್ಹೆಂಗ್ ಮರೀತೀಯ?" ಎಂದು ರೇಗಿಬಿಟ್ಟೆ.

ಅವಳು ಕೋಪಿಸಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

"ನನ್ಮೇಲ್ಯಾಕ್ಲಾ ರೇಗ್ತೀಯ? 'ಎಲ್ಲಾ ಪೆಟ್ಗೆ ಒಳ್ಗೆ ಭದ್ರವಾಗೈತೆ, ಇನ್ ನೀನ್ ಮರುತ್ರೂ ಪರ್ವಾಗಿಲ್ಲ' ಅಂದೋನು ನೀನೇ ಅಲ್ವೇನ್ಲಾ? ಅದುಕ್ಕೇ ಮರ್ತೆ."