ಕೂಗು ಹಾಕದ ಹಡಗು

ಈಗಿನ ವಿಹಾರದ ದೈತ್ಯ ಹಡಗು ಯಾರನ್ನೂ ಎಲ್ಲಿಗೂ ಮುಟ್ಟಿಸುವುದಿಲ್ಲ. ಸುತ್ತಾಡಿಸಿ, ತಿನ್ನಿಸಿ, ಹತ್ತಿಸಿಕೊಂಡ ದಡಕ್ಕೇ ತಂದು ಇಳಿಸುತ್ತದೆ. ಸಮುದ್ರ ದಾಟಿಸುತ್ತಿದ್ದ ಹಳೆಯ ಲೈನರು ಹಡಗುಗಳ ಜಾತಿಯೇ ಬೇರೆ.

ಇಂಗ್ಲೆಂಡಿನ ಬಂದರೂರು ಸೌತಾಂಪ್ಟನ್ನಿನ ಡೋರೀನ್ ಪರ್ಕಿಸ್ ಹರೆಯದಲ್ಲಿ ನ್ಯೂಯಾರ್ಕಿಗೆ ಹೋಗಿಬರುವ ಲೈನರಿನಲ್ಲಿ ಕ್ಯಾಬಿನ್ ನೋಡಿಕೊಳ್ಳುತ್ತಿದ್ದಳು. ಆಗ ಹಡಗಿನ ಕೆಲಸದವರೆಲ್ಲ ಹೆಚ್ಚುಕಡಿಮೆ ಇದೇ ಊರಿನವರು. ಹಡಗು ದಡದಲ್ಲಿ ನಿಂತಷ್ಟು ದಿನ ಮನೆಯಲ್ಲೇ ಮಲಗಿ ಬರುವರು. ಅದೇನು ಸ್ವರ್ಗವಲ್ಲ. ಮೊದಲ ದರ್ಜೆಯವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕಿತ್ತು. ಆದರೆ ಹೊರಡುವ ಮುಂಚೆ ಹಡಗು ಊರಿಗೆಲ್ಲ ಕೇಳುವಂತೆ ಕೂಗು ಹಾಕುತ್ತಿತ್ತು. ಪಬ್ಬಿನಲ್ಲಿ ಕೂತವರು ಲೋಟ ಬಿಟ್ಟು ಓಡುತ್ತಿದ್ದರು. ಗಡಿಯಾರ ಯಾರು ನೋಡುತ್ತಿದ್ದರು?

ಈಗ ಮುಪ್ಪಿನಲ್ಲಿ ಅವಳು ಬಂದರಿನ ನಾವಿಕರ ತಂಗುಮನೆಯಲ್ಲಿ ಚಹಾ ಕೊಡುವ ಸೇವೆಗೆ ಹೊಸದಾಗಿ ಸೇರಿದ್ದಳು. ಅಲ್ಲಿಗೆ ಬಂದವನು ರೋಡೆಲ್ ಮಗ್‌ಬನ್ವಾ, ಫಿಲಿಪೀನ್ಸಿನವನು. ವಿಹಾರದ ಹಡಗಿನಲ್ಲಿ ಅವಳದೇ ಹಳೆಯ ಕೆಲಸ. ಬೆಳಿಗ್ಗೆ ಬಂದ ಹಡಗು ಸಂಜೆಗೆ ವಾಪಸ್ಸು. ನಡುವೆ ಅವನಿಗೆ ಸಿಕ್ಕಿದ್ದು ಚೂರು ಬಿಡುವು. ಊರಲ್ಲಿ ಹೆಂಡತಿ ಹೆತ್ತಿದ್ದಳು. ಫೋನಿನಲ್ಲಿ ಮಗುವನ್ನು ಮೊದಲ ಸಲ ನೋಡುತ್ತಿದ್ದ.

"ನೋಡಿ ಅಮ್ಮಾ, ಮೂಗು ನಂದೇ!"

"ಅಯ್ಯೋ ಪಾಪ! ಕಿವಿನಾದ್ರೂ ತಾಯೀದು ಬರ್ಲಿ ಬಿಡು."

ಅವನು ನಗುತ್ತಲೇ ಎದ್ದ. "ಹೊರಡ್ತೀನಿ. ತಡ ಆದ್ರೆ ಕೆಲ್ಸ ಹೋಗತ್ತೆ."

"ಕೂತ್ಕೋ ಮರಿ. ಕೂಗು ಹಾಕ್ದೆ ಯಾವ ಹಡಗೂ ಹೋಗಲ್ಲ. ಮಗು ಕಣ್ಣು ಬಿಡ್ಲಿ, ಆಮೇಲೆ ಓಡು."

ದೊಡ್ಡವಳ ಮಾತು ನಂಬಿ ಅವನು ಕೂತ. ಮಗು ಕಣ್ಣು ಬಿಟ್ಟಿತು. ಹಡಗು ಕೂಗಲಿಲ್ಲ.

ಕಿಟಕಿಯಾಚೆ ಬೆಳಕು ಇಳಿದಿದ್ದು ಕಂಡು ಡೋರೀನ್ ದಡಬಡ ಎದ್ದಳು. ತಂಗುಮನೆಯ ವ್ಯಾನಿನಲ್ಲಿ ಇಬ್ಬರೂ ಧಾವಿಸಿದರು. ಹಡಗು ಅಲ್ಲೇ ಇತ್ತು, ಏಣಿಯೂ ಇಳಿದೇ ಇತ್ತು. ರೋಡೆಲ್ ಏಣಿಯ ಬುಡದ ಯಂತ್ರಕ್ಕೆ ತನ್ನ ಕಾರ್ಡು ಒತ್ತಿದ; ಅದು ಕೆಂಪು ತೋರಿಸಿತು. ಕೆಲಸದವರು ಹತ್ತುವ ಹೊತ್ತು ಮುಗಿದಿತ್ತು. ಅದೇ ಗಳಿಗೆಯಲ್ಲಿ ಕುಡಿದು ತೂರಾಡುತ್ತಾ ಬಂದ ಪ್ರಯಾಣಿಕ ದಂಪತಿಯನ್ನು ಹಡಗಿನವರು "ನಿಮಗೋಸ್ಕರವೇ ಕಾಯ್ತಿದ್ವಿ" ಎಂದು ಚಪ್ಪಾಳೆ ತಟ್ಟಿ ಒಳಗೆ ಕರೆದುಕೊಂಡರು.

"ತಪ್ಪು ನಂದಪ್ಪಾ, ಇವನದಲ್ಲ," ಡೋರೀನ್ ಏಣಿಯ ಬಳಿಯ ಮೇಲ್ವಿಚಾರಕನಲ್ಲಿ ಅಂಗಲಾಚಿದಳು. "ಕೂಗು ಕೇಳ್ಲಿಲ್ಲ."

"ಕೂಗಾ? ಯಾವ ಕಾಲದಲ್ಲಿದೀರಿ ಅಜ್ಜಿ? ಅವರವರ ಹೊತ್ತು ಅವರವರಿಗೆ ಗೊತ್ತಿರ್ಬೇಕು."

"ನಾನೂ ತಡ ಮಾಡಿದ್ದೆ ಕಣಯ್ಯಾ, ನಿಮ್ಮಪ್ಪ ಹುಟ್ಟೋಕೆ ಮುಂಚೆ. ಬೈದ್ರು, ಒಂದು ದಿನದ ಸಂಬಳ ಹಿಡಿದ್ರು. ಆದ್ರೆ ದಡದಲ್ಲಿ ಬಿಟ್ಟು ಹೋಗ್ಲಿಲ್ಲ."

ರೋಡೆಲ್‌ನ ಚೀಲವನ್ನು ಕೆಳಗೆ ತಂದಿಟ್ಟರು. ಮೇಲೆ ಹಾಡು ಶುರುವಾಯಿತು, ಹಡಗು ಸರಿಯಿತು. ಅವನು ಹೆಂಡತಿಗೆ ಫೋನು ಮಾಡಲಿಲ್ಲ. "ಇವತ್ತೊಂದಿನ ಖುಷಿಯಾಗಿರ್ಲಿ," ಅಂದ. ಡೋರೀನ್‌ಗೆ ಅವನ ಮುಖ ನೋಡಲಾಗಲಿಲ್ಲ. ಎರಡು ದಿನ ಕಳೆದು ಊರಿಗೆ ವಿಮಾನ ಹತ್ತಿದ. ಅವನ ಜಾಗಕ್ಕೆ ಅಷ್ಟರಲ್ಲೇ ಇನ್ನೊಬ್ಬ ಬಂದಿದ್ದ.

ರಜೆಗೆಂದು ಇಂಥ ಹಡಗಿನ ಟಿಕೆಟ್ಟು ನೋಡುತ್ತಿದ್ದೀರಲ್ಲ, ಈಜುಕೊಳ ಎಷ್ಟಿವೆ ಎಂದು ಆಮೇಲೆ ಕೇಳಿ. ನಮ್ಮ ಹಾಸಿಗೆ ಹಾಸುವವನಿಗೆ ದಡದಲ್ಲಿ ಎಷ್ಟು ಹೊತ್ತು ಬಿಡುವು ಕೊಡುತ್ತೀರಿ, ತಡವಾದರೆ ಏನು ಮಾಡುತ್ತೀರಿ ಎಂದು ಹಡಗಿನ ಕಂಪನಿಯನ್ನು ಮೊದಲು ಕೇಳಿ. ಉತ್ತರ ಬಾರದಿದ್ದರೆ ಹತ್ತಬೇಡಿ.