ಉಗುರಿಗೆ ಸಿಗುವ ಗೆರೆಗಳು

ನಾನು ನಿಪ್ಪಾಣಿಯ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಿದ್ಯಾರ್ಥಿಗಳಿಗೆ ಸ್ಕ್ರೂ ಗೇಜ್ ಹಿಡಿಯುವುದನ್ನು ತೋರಿಸಿ ತಲೆಗೂದಲಿನ ದಪ್ಪ ಅಳೆಸುತ್ತೇನೆ. ಆದರೆ ಒಂದು ಕಬ್ಬಿಣದ ತುಂಡನ್ನು ಅಳತೆಗೆ ಸರಿಯಾಗಿ ಮಾಡುವುದು ನಲವತ್ತು ದಾಟುವವರೆಗೂ ನನಗೆ ಬರುತ್ತಿರಲಿಲ್ಲ. ಅದನ್ನು ಕಲಿಸಿದವರು ನನ್ನ ಮಾವ, ಗಂಡನ ತಂದೆ.

ಮಾವ ನಮ್ಮೂರು ಕೊಗನೊಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿಬಂದು, ಮೂವತ್ತು ವರ್ಷಕ್ಕೂ ಮಿಕ್ಕಿ ಒಂದು ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಶಿನ್ ನಡೆಸಿದವರು. ಅದರಲ್ಲಿ ಹಲ್ಲಿರುವ ಕಟರ್ ಗರಗರ ತಿರುಗುತ್ತಿರುತ್ತದೆ. ಲೋಹದ ತುಂಡನ್ನು ಒಂದು ಮೇಜಿಗೆ ಬಿಗಿದು, ಹಿಡಿಕೆ ತಿರುಗಿಸುತ್ತ ಅದರ ಕೆಳಗೆ ನಿಧಾನವಾಗಿ ಸರಿಸಬೇಕು. ನಿವೃತ್ತಿಯಾಗುವಾಗ ಅಲ್ಲಿ ಮೂಲೆಗೆ ಬಿದ್ದಿದ್ದ ಒಂದು ಸಣ್ಣ ಮಶಿನ್ನನ್ನು ಮಾವ ಕೇಳಿ ತಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ಕಣ್ಣಿಗೆ ರೋಗ ಬಂತು. ಮಿರಜಿನ ಡಾಕ್ಟರು ಹನಿ ಬರೆದುಕೊಟ್ಟು, ಉಳಿದ ನೋಟವನ್ನು ಕಾಪಾಡಿಕೊಳ್ಳಬಹುದು, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಮಶಿನ್ ಹೊದಿಸಿಟ್ಟ ತಾಡಪತ್ರಿಯ ಕೆಳಗೇ ಉಳಿಯಿತು.

ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರೂ ನಾನೂ ಅವರೂ ಆಡಿದ ಮಾತು ಊಟ, ಔಷಧ, ಬಸ್ಸಿನ ವೇಳೆ ಇಷ್ಟರಲ್ಲೇ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ಕೂರುವುದಿಲ್ಲ. ಹೀಗಿರುವಾಗ ಒಂದು ಶನಿವಾರ ಲ್ಯಾಬಿನ ಹಿತ್ತಾಳೆಯ ಕ್ಲ್ಯಾಂಪ್ ಒಂದು ಮುರಿಯಿತು. ಬೆಸುಗೆ ಹಾಕಿಸಲು ಗಂಡನ ಕೈಗೆ ಕೊಡೋಣವೆಂದು ಮನೆಗೆ ತಂದೆ. ಕಟ್ಟೆಯ ಮೇಲೆ ಕೂತಿದ್ದ ಮಾವ ಅದೇನೆಂದು ಕೇಳಿ ಕೈಗೆ ತೆಗೆದುಕೊಂಡರು. ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ಎರಕದ್ದೈತಿ. ಬೆಸುಗಿ ನಿಲ್ಲಂಗಿಲ್ಲ, ಹೊಸಾದು ಮಾಡಬೇಕು” ಎಂದರು.

ಯಾರು ಮಾಡಿಕೊಡುತ್ತಾರೆ ಎಂದು ಕೇಳಿದೆ.

“ನೀನ ಮಾಡ್ತಿ. ನಾ ಹೇಳ್ತೀನಿ.”

ಮರುದಿನವೇ ಮಶಿನ್ ಶುರುವಾಗುತ್ತದೆ ಎಂದುಕೊಂಡಿದ್ದೆ. ಅವರು ನನ್ನ ಕೈಗೆ ಕೊಟ್ಟದ್ದು ಒಂದು ಅರ ಮತ್ತು ಒಂದು ಒರಟು ಕಬ್ಬಿಣದ ತುಂಡು. ಆರೂ ಮುಖ ಸಮನಾಗಿ, ಮೂಲೆಗಳು ಲಂಬಕೋನಕ್ಕೆ ಕೂಡುವಂತೆ ಉಜ್ಜಬೇಕು. ಅರವನ್ನು ಮುಂದೆ ನೂಕುವಾಗ ಒತ್ತಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ಎರಡು ತಿಂಗಳ ಭಾನುವಾರಗಳು ಅದರಲ್ಲೇ ಹೋದವು. ಸರಿಯಾಯಿತು ಎಂದು ಕೊಟ್ಟಾಗಲೆಲ್ಲ ಅವರು ಬೆರಳಿನಲ್ಲಿ ಮುಟ್ಟಿ, ನಡುವೆ ಉಬ್ಬಿದೆ ಎಂದು ತಿರುಗಿ ಕೊಡುತ್ತಿದ್ದರು. ನಾನು ಸ್ಕ್ರೂ ಗೇಜಿನಲ್ಲಿ ನೋಡಿದರೆ ಉಬ್ಬಿರುತ್ತಿತ್ತು.

ಅತ್ತೆಗೆ ಅರದ ಸದ್ದಿನ ಬಗ್ಗೆ ತಕರಾರಿರಲಿಲ್ಲ. ಬಳೆಯ ವಿಷಯಕ್ಕೆ ಇತ್ತು. ಮಶಿನ್ ಹತ್ತಿರ ಬರುವವರ ಕೈಯಲ್ಲಿ ಬಳೆ, ಮೈಮೇಲೆ ಸೆರಗು ಇರಕೂಡದು ಎಂದು ಮಾವ ಹೇಳಿದ್ದರು. ಗಂಡನ ಹಳೆಯ ಅಂಗಿ ಹಾಕಿಕೊಂಡು ಕೂದಲು ಕಟ್ಟಿ ಬಂದೆ, ಅದನ್ನು ಅತ್ತೆ ಸಹಿಸಿದರು. ಮುತ್ತೈದೆ ಭಾನುವಾರ ಬೆಳಿಗ್ಗೆ ಬರಿಗೈಯಲ್ಲಿ ನಿಲ್ಲುವುದನ್ನು ನೋಡಿ ಅವರ ಮುಖ ಬಾಡಿತು. ಎರಡು ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ಭಾನುವಾರ ತಾವೇ ಒಂದು ಸ್ಟೀಲಿನ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು. ಬಳೆಗಳನ್ನು ಅವರೇ ಬಿಡಿಸಿ ಡಬ್ಬಿಯಲ್ಲಿಟ್ಟುಕೊಂಡರು. ನಾನು ಕೈ ತೊಳೆದು ಹೊರಬಂದಾಗ ಅವರೇ ತೊಡಿಸಿದರು. ಅಂದಿನಿಂದ ಅದು ಹಾಗೇ ನಡೆದುಬಂದಿದೆ.

ಕೊನೆಗೆ ತಾಡಪತ್ರಿ ತೆಗೆದೆವು. ಮಶಿನ್ ತಿರುಗಿತು, ಆದರೆ ಕಟರ್ ಲೋಹಕ್ಕೆ ತಗುಲಿದ ಕೂಡಲೇ ಇಡೀ ಮೇಜು ನಡುಗತೊಡಗಿತು. ಹೇಗೋ ಲ್ಯಾಬಿನ ಕ್ಲ್ಯಾಂಪ್ ತಯಾರಾಯಿತು. ಅದರ ಮೈತುಂಬ ಅಲೆಗಳಂಥ ಗುರುತು. ಕಾಲೇಜಿನಲ್ಲಿ ಅದು ಚೆನ್ನಾಗಿಯೇ ಕೆಲಸಕ್ಕೆ ಬಂತು. ಮಾವನಿಗೆ ಮಾತ್ರ ಆ ಅಲೆಗಳು ಅವಮಾನದಂತಿದ್ದವು. ಮಶಿನ್ನಿನ ಮೈಮೇಲೆ ಅಂಗೈ ಇಟ್ಟು ಹಿಡಿಕೆಯನ್ನು ಹಿಂದೆ ಮುಂದೆ ತಿರುಗಿಸಲು ನನಗೆ ಹೇಳಿದರು. ಮೇಜನ್ನು ಸರಿಸುವ ಉದ್ದನೆಯ ಸ್ಕ್ರೂ ಹಾಯ್ದುಹೋಗುವ ನಟ್ ಸವೆದಿದೆ ಎಂದರು. ಕೂದಲೆಳೆಯಷ್ಟು ಚಲನೆಯನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿದೆ. ಹಿಡಿಕೆ ಕಾಲುಸುತ್ತು ತಿರುಗಿದರೂ ಮೇಜು ಅಲುಗುತ್ತಿರಲಿಲ್ಲ. ಹೊಸ ನಟ್ ಬೇಕಿತ್ತು. ಗನ್‌ಮೆಟಲ್‌ನಲ್ಲಿ, ಅಂದರೆ ಕಂಚಿನ ಜಾತಿಯ ಗಟ್ಟಿ ಲೋಹದಲ್ಲಿ ಮಾಡಿ, ಅದನ್ನು ಎರಡು ಹೋಳಾಗಿ ಸೀಳಿ, ಎರಡನ್ನೂ ಸ್ವಲ್ಪ ದೂರ ತಳ್ಳಿ ಬಿಗಿಯುವಂತಿದ್ದರೆ ಸಡಿಲು ಹೋಗುತ್ತದೆ ಎಂದು ಅವರು ನೆಲದ ಧೂಳಿನಲ್ಲಿ ಗೆರೆ ಎಳೆದು ತೋರಿಸಿದರು.

ಗನ್‌ಮೆಟಲ್ ತುಂಡನ್ನು ಕೊಲ್ಹಾಪುರದಿಂದ ಮಾವನ ಹಳೆಯ ಸಹೋದ್ಯೋಗಿಯೊಬ್ಬರು ಕಳಿಸಿದರು. ನಾಲ್ಕು ಭಾನುವಾರ ಅದನ್ನು ಚಿಕ್ಕ ಚಿಕ್ಕ ಪದರಾಗಿ ತೆಗೆಯುತ್ತ ಬಂದೆ. ಕೊನೆಯ ಪದರು ಉಳಿದಾಗ ಮಾವ ಎದ್ದುಬಂದು, ಇದನ್ನು ನಾನೇ ತೆಗೆಯುತ್ತೇನೆ ಎಂದರು. ನನಗೆ ಖುಷಿಯಾಯಿತು. ಅವರು ಹಿಡಿಕೆಯ ಬುಡದಲ್ಲಿ ಅಂಕಿ ಕೊರೆದ ಡಯಲಿಗೆ ಮುಖ ಹತ್ತಿರ ತಂದು ಅಂಕಿ ನೋಡಿದರು. ಮೂರಕ್ಕೆ ನಿಲ್ಲಬೇಕಿತ್ತು. ಎಂಟಕ್ಕೆ ನಿಲ್ಲಿಸಿದರು.

ನಾನು ನೋಡಿದೆ. ಎಂಟನ್ನು ಅವರು ಮೂರು ಎಂದು ಓದಿದ್ದಾರೆ ಎಂಬುದು ಸ್ಪಷ್ಟವಾಗಿ ಗೊತ್ತಾಯಿತು. ಬಾಯಿ ತೆರೆಯಲು ಸಾಕಷ್ಟು ಸಮಯವೂ ಇತ್ತು. ಹದಿನಾಲ್ಕು ವರ್ಷ ಎದುರು ಮಾತಾಡದವಳು ಅಂದೂ ಆಡಲಿಲ್ಲ. ಕಟರ್ ತುಂಡಿನ ಉದ್ದಕ್ಕೂ ಹೋಯಿತು. ಮಾವ ಮಶಿನ್ ನಿಲ್ಲಿಸಿ, ಬೆರಳಿನಲ್ಲಿ ಮುಟ್ಟಿ, ತುಂಡನ್ನು ಅದರ ಜಾಗದಲ್ಲಿ ಕೂರಿಸಿ ನೋಡಿದರು. ಅದು ಲೊಡಲೊಡ ಎಂದಿತು. ಅವರು ಕೈ ಒರೆಸಿಕೊಂಡು ಹೊರಗೆ ಹೋದರು.

ಮುಂದಿನ ಭಾನುವಾರ ಅವರು ಶೆಡ್ಡಿಗೆ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮೈಗೆ ಹುಷಾರಿಲ್ಲ ಎಂದು ಅತ್ತೆಗೆ ಹೇಳಿದ್ದರು. ಅವರ ನೋಟ ಎಷ್ಟು ಇಳಿದಿದೆ ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ತಿಳಿದವಳು ನಾನೊಬ್ಬಳೇ, ಅದು ಅವರಿಗೂ ಗೊತ್ತಿತ್ತು. ಹೋಗಿ ಸಮಾಧಾನ ಹೇಳೋಣವೆಂದರೆ ಯಾವ ಮಾತೂ ಸರಿಯೆನಿಸಲಿಲ್ಲ. ಲ್ಯಾಬಿನಲ್ಲಿ ಕೂತು ಬೇರೇನೋ ಯೋಚಿಸಿದೆ. ಡಯಲಿನ ಗೆರೆ ಕಣ್ಣಿಗೆ ಕಾಣದಿದ್ದರೆ ಉಗುರಿಗಾದರೂ ಸಿಗಬೇಕು.

ನಿಪ್ಪಾಣಿಯ ಲೇಥಿನವರಲ್ಲಿ ಹಿಡಿಕೆಗೆ ಕೂರಿಸಲು ಒಂದು ಅಲ್ಯೂಮಿನಿಯಂ ಬಳೆ ಮಾಡಿಸಿದೆ, ಹಳೆಯ ಡಯಲಿನ ಎರಡು ಪಟ್ಟು ದೊಡ್ಡದು. ಅದರ ಸುತ್ತಳತೆ ಸರಿಯಾಗಿ ಮುನ್ನೂರ ಇಪ್ಪತ್ತು ಮಿಲಿಮೀಟರ್ ಬರುವಂತೆ ಲೆಕ್ಕ ಹಾಕಿದ್ದೆ. ಗ್ರಾಫ್ ಕಾಗದದ ಎರಡು ಪಟ್ಟಿ ಅಂಟಿಸಿ ಅದರ ಸುತ್ತ ಸುತ್ತಿದರೆ, ನಾಲ್ಕು ಮಿಲಿಮೀಟರಿಗೊಂದರಂತೆ ಹಳೆಯ ಡಯಲಿನಷ್ಟೇ ಎಂಬತ್ತು ಗುರುತು. ಒಂದೊಂದರ ಮೇಲೂ ಮುಕ್ಕೋನದ ಅರ ಇಟ್ಟು ಕಚ್ಚು ಹಾಕತೊಡಗಿದೆ. ಪ್ರತಿ ಹತ್ತನೆಯದನ್ನು ಆಳ ಮಾಡಿದೆ. ಶೆಡ್ಡಿನಲ್ಲಿ ಒಬ್ಬಳೇ ಇದ್ದೆ. ಎಷ್ಟು ಕಚ್ಚಾಗಿದ್ದವೋ, ಹೊರಗಿನಿಂದ ಮಾವನ ದನಿ ಬಂತು.

“ಹಿಂದ ಎಳಿಯೋವಾಗ ಅರ ಎತ್ತವಲ್ಲಿ ನೀ.”

ಬಾಗಿಲಲ್ಲಿ ನಿಂತಿದ್ದರು. ಹೌದು, ಅವಸರದಲ್ಲಿ ಎತ್ತುವುದನ್ನು ಮರೆತಿದ್ದೆ. ಒಳಗೆ ಬಂದು, ಏನು ಮಾಡುತ್ತಿದ್ದೀ ಎಂದು ಕೇಳದೆ ಬಳೆಯನ್ನು ತೆಗೆದುಕೊಂಡು ಉಗುರಿನಿಂದ ಕಚ್ಚುಗಳನ್ನು ಒಂದೊಂದಾಗಿ ದಾಟಿದರು. ಅವರ ಕೈ ನಿಧಾನವಾದಾಗ, ಅದು ಏತಕ್ಕೆ ಎಂಬುದು ಅವರಿಗೆ ಅರ್ಥವಾಗಿದೆ ಎಂದು ನನಗೆ ತಿಳಿಯಿತು. ಆಮೇಲೆ ಒಂದು ಕಡೆ ಬೆರಳಿಟ್ಟು, ಇಲ್ಲಿ ಎರಡು ಕಚ್ಚಿನ ನಡುವಿನ ಮನೆ ಸಣ್ಣದಾಗಿದೆ ಎಂದರು. ಗ್ರಾಫ್ ಕಾಗದದ ಎರಡು ಪಟ್ಟಿ ಕೂಡುವ ಜಾಗ ಅದು.

“ಅವತ್ತ ನೀ ನೋಡಿದ್ದಿ” ಎಂದರು.

“ಹೌದ್ರಿ ಮಾಮಾ.”

“ಯಾಕ ಹೇಳಲಿಲ್ಲ?”

“ನಿಮಗ ಹೆಂಗ ಹೇಳಬೇಕು ತಿಳೀಲಿಲ್ರಿ.”

ಅವರು ಬಳೆಯನ್ನು ಮೇಜಿನ ಮೇಲಿಟ್ಟರು. “ಮಶಿನ್ ಮುಂದ ಮಾವ ಸೊಸಿ ಅಂತ ಇರಂಗಿಲ್ಲ ಯವ್ವಾ. ತಪ್ಪು ಕಂಡ್ರ ನಿಲ್ಲಸ್ರಿ ಅನ್ನಬೇಕು. ಕೊಲ್ಹಾಪುರದಾಗ ನಿನ್ನೆ ಬಂದಾವ ಅಂದ್ರೂ ನಾವು ನಿಲ್ಲಸ್ತಿದ್ವಿ.”

ಆ ಬಳೆಯನ್ನು ಬಿಟ್ಟು ಇನ್ನೊಂದು ಮಾಡಿದೆವು. ಈ ಸಲ ಕಾಗದದ ಕೂಡಿಕೆಯನ್ನು ಅವರು ಮುಟ್ಟಿ ನೋಡಿ ಒಪ್ಪಿದ ಮೇಲೆಯೇ ಅರ ಹಿಡಿದೆ. ಬಳೆಗೆ ತಾಗುವಂತೆ ಪಕ್ಕದಲ್ಲಿ ಒಂದು ಸ್ಪ್ರಿಂಗ್, ಅದರ ತುದಿಗೆ ಸೈಕಲ್ಲಿನ ಛರ್ರಾ, ಆ ಪುಟ್ಟ ಉಕ್ಕಿನ ಗುಂಡು, ಒಂದನ್ನು ಕೂರಿಸೋಣ, ಪ್ರತಿ ಕಚ್ಚಿಗೂ ಟಕ್ ಎನ್ನುತ್ತದೆ ಎಂದದ್ದು ಅವರೇ. ಮತ್ತೊಂದು ಗನ್‌ಮೆಟಲ್ ತುಂಡು ಬಂತು. ಕೊನೆಯ ಪದರನ್ನು ಅವರೇ ತೆಗೆದರು, ಟಕ್ ಟಕ್ ಎಂಬುದನ್ನು ಮರಾಠಿಯಲ್ಲಿ ಎಣಿಸುತ್ತ. ವರ್ಕ್‌ಶಾಪಿನ ಲೆಕ್ಕ ಅವರಿಗೆ ಆ ಭಾಷೆಯಲ್ಲೇ ಬರುವುದು. ನಡುವೆ ಒಮ್ಮೆ ಎಣಿಕೆ ತಪ್ಪಿದರು. “ನಿಲ್ಲಸ್ರಿ” ಎಂದೆ. ನನ್ನ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಅಡುಗೆಮನೆಯಿಂದ ಅತ್ತೆ ಓಡಿಬಂದರು. ಮಾವ ಹಿಡಿಕೆ ಬಿಟ್ಟು, ಒಂದು ಕಚ್ಚು ಹಿಂದೆ ಬಂದು, ಮತ್ತೆ ಎಣಿಸಿದರು. ನಟ್ ತನ್ನ ಜಾಗದಲ್ಲಿ ಅಲುಗದೆ ಕೂತಿತು. ಮೇಜಿನ ನಡುಕ ಪೂರ್ತಿ ಹೋಗಲಿಲ್ಲ, ಆದರೆ ಅಲೆಗಳು ಹೋದವು.

ಆ ವಾರವೇ ಅವರು ಮಗನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಕಣ್ಣಿನ ಸಂಗತಿಯನ್ನು ತಾವಾಗಿ ಹೇಳಿದರು. ಈಗ ಮಿರಜಿಗೆ ಹೋಗುವಾಗ ಜೊತೆಗೆ ನಾನೇ ಹೋಗುತ್ತೇನೆ. ನೋಟ ಇನ್ನೂ ಸ್ವಲ್ಪ ಕುಗ್ಗಿದೆ. ತುಂಡು ಬಿಗಿಯುವುದು, ಕಟರ್ ಹಾಕುವುದು, ಅದರ ಸುತ್ತ ಪ್ಲಾಸ್ಟಿಕ್ಕಿನ ಮರೆ ನಿಲ್ಲಿಸುವುದು ನನ್ನ ಕೆಲಸ, ಹಿಡಿಕೆ ಅವರದು. ಮಶಿನ್ ತಿರುಗುತ್ತಿರುವಷ್ಟು ಹೊತ್ತೂ ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ಇರುತ್ತೇನೆ. ಮೊದಮೊದಲು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದೆ, ಇಲ್ಲೇ ಇದ್ದೇನೆ ಮಾಮಾ ಎಂದು. ಒಂದು ದಿನ ಅವರು, “ನೀ ಅದೀ ಅಂತ ನನಗ ಗೊತ್ತೈತಿ, ಅದನ್ನ ಹೇಳಬ್ಯಾಡ” ಎಂದರು. ಆಮೇಲೆ ಹೇಳುವುದನ್ನು ಬಿಟ್ಟೆ.

ಸದ್ಯ ಕಟರನ್ನು ಮೇಲೆ ಕೆಳಗೆ ಮಾಡುವ ಹಿಡಿಕೆಗೂ ಅಂಥದೇ ಒಂದು ಬಳೆ ಮಾಡುತ್ತಿದ್ದೇವೆ. ಆಳದ ಕಚ್ಚು ಐದಕ್ಕೊಂದಿರಲಿ ಎಂದು ನಾನು, ಹತ್ತಕ್ಕೊಂದು ಸಾಕು ಎಂದು ಅವರು. ಎರಡು ಭಾನುವಾರದಿಂದ ಇದೇ ವಾದ ನಡೆದಿದೆ; ನಾನು ಅವರ ಎದುರಿನ ಸ್ಟೂಲಿನ ಮೇಲೆ ಕೂತೇ ವಾದಿಸುತ್ತಿದ್ದೇನೆ.