ಚಂದ್ರನಿಗಾಗಿ ಆರಿಸಿದ ಬೆಂಕಿ

ಈ ಕಥೆಯನ್ನು ನಮಗೆ ಮೊದಲು ಹೇಳಿದವರು ದೊಡ್ಡಮ್ಮ, ಸೋದರಮಾವ ಒಂದು ಕೈ ಕಳೆದುಕೊಂಡು ಆಸ್ಪತ್ರೆಯಿಂದ ಮರಳಿದ ಸಂಜೆ. ನಿನ್ನೆ ಮಗಳು ಮೊಬೈಲ್ ಹಿಡಿದು, "ಅಪ್ಪಾ, ಅಂಗಳದ ಲೈಟ್ ಆರಿಸು, ಚಂದ್ರ ಚೆನ್ನಾಗಿ ಬರ್ತಾನೆ" ಎಂದಾಗ ಅದು ನೆನಪಾಯಿತು.

ಬೇಗೂರು ಕಾಡಂಚಿನ ನಮ್ಮ ಗದ್ದೆಯಲ್ಲಿ ಭತ್ತ ಹಣ್ಣಾಗಿತ್ತು. ಆನೆ ಬಾರದಿರಲೆಂದು ಕಾವಲಿನ ಅಟ್ಟಣೆಯ ಮುಂದೆ ಸಂಜೆಯೇ ಬೆಂಕಿ ಹಾಕುತ್ತಿದ್ದರು. ಮಾವನಿಗೋ ಕ್ಯಾಮೆರಾದ ಹುಚ್ಚು. ಹುಣ್ಣಿಮೆಯ ಚಂದ್ರ ಬಿದಿರುಮೆಳೆಯ ಮೇಲೆ ಏಳುವಾಗ ಹೊಗೆ ಅಡ್ಡ ಬಂತೆಂದು ಬೆಂಕಿಗೆ ನೀರು ಸುರಿದುಬಿಟ್ಟರು.

"ಲೋ ಮಂಗಾ, ದೊಡ್ಡವರು ಬಂದ್ರೆ?" ಎಂದು ದೊಡ್ಡಮ್ಮ ಬೈದರು. ಆನೆಯನ್ನು ಅವರು ಹಾಗೇ ಕರೆಯುತ್ತಿದ್ದುದು.

"ಒಂದೇ ಫೋಟೋ, ಅಕ್ಕಾ."

ಒಂಟಿ ಸಲಗ ಹಿಂದಿನಿಂದ ನುಗ್ಗಿತು. ಅಡ್ಡ ಬಂದ ನಾಯಿಯನ್ನು ಸೊಂಡಿಲಲ್ಲಿ ಎತ್ತಿ ನೆಲಕ್ಕೆ ಬಡಿಯಿತು, ಅಟ್ಟಣೆಯ ಕಂಬ ಮುರಿಯಿತು, ಕೆಳಗೆ ಬಿದ್ದ ಮಾವನ ಕೈಯನ್ನು ಕ್ಯಾಮೆರಾ ಸಮೇತ ತುಳಿಯಿತು. ಮೂಳೆ ಒಡೆದ ಸದ್ದು ಹಸಿ ಬಿದಿರು ಬೆಂಕಿಯಲ್ಲಿ ಸಿಡಿದ ಹಾಗಿತ್ತಂತೆ. ದೊಡ್ಡಮ್ಮ ತಗಡು ಬಡಿದು ಕಿರುಚಿದ ಮೇಲೆ ಅದು ಕಾಡಿಗೆ ತಿರುಗಿತು.

"ಚಂದ್ರ ಮಾತ್ರ ಚೆಂದ ಇದ್ದ, ಅಕ್ಕಾ," ಎಂದು ದೊಡ್ಡಮ್ಮ ಕಥೆ ಮುಗಿಸಿದಾಗ ಮಾವ ಮನೆಯ ಮೂಲೆಯಿಂದ ನಕ್ಕರು. ಮಕ್ಕಳಾದ ನಾವು ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ, ಶಾಲೆಗೆ ಹೋಗುವ ಮೊದಲು, ಯಾರೂ ಹೇಳದಿದ್ದರೂ ನಾವೆಲ್ಲ ಒಣ ಸೌದೆ ಹೊತ್ತು ಗದ್ದೆಗೆ ನಡೆದೆವು.